ಹೊರಗ ತಗಿಯೂ ಹಮಾಲಿ

ತಿಕೋಟಾ ದಾರಿಯ ಕೋಲ್ಡ್ ಸ್ಟೋರೇಜಿನ್ಯಾಗ
ಹತ್ತೊಂಬತ್ತು ವರ್ಷ ಲೆಕ್ಕ ಬರದಾಕಿ ನಾನು.
ಒಣದ್ರಾಕ್ಷಿಯ ಲೆಕ್ಕ. ಯಾರ ಬಾಕ್ಸು, ಎಷ್ಟು, ಯಾವ ಚೇಂಬರು,
ಹಸಿರೋ ಹಳದಿಯೋ, ಬಾಡಿಗಿ ಎಲ್ಲೀತನಕ ಮುಟ್ಟೇತಿ.

ಮೊದಲ ಅದೆಲ್ಲ ಒಂದ ಯಂತ್ರದಾಗಿತ್ತು.
ಮೆಟ್ಟಲ ಕೆಳಗಿನ ಖೋಲಿ, ಕಾಲು ಅಲಗಾಡೂ ಟೇಬಲ್ಲು,
ಅದರ ಮ್ಯಾಲ ಗೊರಕಿ ಹೊಡಕೋತ ಕುಂತಿರತಿತ್ತು.
ಅಮಾಸಿಗೊಮ್ಮೆ ಮೈನುದ್ದೀನ್ ಇನಾಮದಾರ ಬಂದು
ಅದರ ಹೊಟ್ಟಿ ಬಿಚ್ಚಿ, ಧೂಳ ಊದಿ,
ನಾಕನೂರು ರೂಪಾಯಿ, ಒಂದು ಖಡಕ್ ಚಾ ತಗೊಂಡು
"ಇನ್ನ ಎರಡ ವರ್ಷ ಜಗ್ಗತೈತ್ರಿ ಅಕ್ಕಾರ" ಅಂದು ಹೋಗಾಂವ.
ಹಂಗಂತ ಆರು ವರ್ಷ ಅಂದಾನ.

ಆಮ್ಯಾಲ ಪುಣೆದಿಂದ ಒಬ್ಬ ಹುಡುಗ ಬಂದ.
"ಯಂತ್ರ ಬ್ಯಾಡ, ಖೋಲಿ ಬ್ಯಾಡ, ಎಸಿ ಬ್ಯಾಡ,
ಎಲ್ಲಾ ಕ್ಲೌಡಿನ್ಯಾಗ. ಬಳಸಿದಷ್ಟಕ್ಕ ರೊಕ್ಕ" ಅಂದ.
ಮಲಕಾಜಪ್ಪ ಸಾವಕಾರರು ಕಾಗದ ಹಿಂದ ಮುಂದ ನೋಡಿ
"ಇದು ನಮ್ಮ ಧಂದೇನ ಆತಲ್ಲೋ ತಮ್ಮಾ,
ಮಂದಿ ಮಾಲು, ನಮ್ಮ ಗೋಡೌನು" ಅಂತ ನಕ್ಕರು.
ನಕ್ಕೋತನ ಸಹಿ ಮಾಡಿದರು.

ನಗೂದು ಮೂರು ತಿಂಗಳ ನಡೀತು.

ನಾಕನೇ ತಿಂಗಳ ಬಿಲ್ಲಿನ್ಯಾಗ ಗುರತಿಲ್ಲದ ಹೆಸರು,
ಕರೀದ ಬಂದ ಬೀಗರ ಹಂಗ ಪಂಕ್ತಿ ಹಿಡದು ಕುಂತಿದ್ದುವು.
ನಕಲಿಗೆ ಬಾಡಿಗಿ, ಆ ನಕಲಿನ ನಕಲಿಗೆ ಬಾಡಿಗಿ.
ಯಾರು ಯಾವಾಗ ಒಳಗ ಬಂದರು ಅನ್ನೂ ದಾಖಲಿಗೆ ಬಾಡಿಗಿ,
ಅದನ್ನ ಓದಾವರ ಯಾರೂ ಇಲ್ಲ.
ಎಲ್ಲಾ ಡಾಲರಿನ್ಯಾಗ. ರೈತರು ದ್ರಾಕ್ಷಿ ದರ ಕೇಳಿದರ
ನಾನು ಡಾಲರಿನ ದರ ನೋಡಕೋತ ಕುಂತಿರತಿದ್ದೆ.
ಪರೀಕ್ಷಾಕ್ಕಂತ ಹಚ್ಚಿ ಹುಡುಗ ಮರತು ಹೋದದ್ದೊಂದು
ದೀಪಾವಳಿ ದಾಟಿ, ಸಂಕ್ರಾಂತಿ ದಾಟಿ ಓಡೇ ಓಡಿತ್ತು,
ಮಾಲಿಲ್ಲದ ಆರನೇ ಚೇಂಬರು ತಂಪ ಮಾಡಿಕೋತ ಕುಂತಂಗ.
ಫೋನ್ ಹಚ್ಚಿದರ ಹುಡುಗ ಕಂಪನಿ ಬಿಟ್ಟಾನ.
ಕಂಪನಿಗೆ ಹಚ್ಚಿದರ ಒಂದು ನಂಬರ ಕೊಡತಾರ.
ನಂಬರಿಗೆ ಚಾ ಕುಡಸಾಕ ಬರೂದಿಲ್ಲ.

ಅದಕ್ಕೂ ಮೊದಲ, ಮಾನವಮಿ ದಿನ, ಒಂದು ಸಣ್ಣ ಫಜೀತಿ.
ಕಂಪ್ರೆಸರಿಗೆ ಹಾರ, ತಕ್ಕಡಿಗೆ ಇಬತ್ತಿ,
ಟೆಂಪೋದ ಗಾಲಿಗೆ ನಿಂಬಿಹಣ್ಣು.
ಲೆಕ್ಕದ ಯಂತ್ರಕ್ಕಂತ ತಂದ ಚೆಂಡುಹೂ ಕೈಯಾಗ ಉಳೀತು.
ಮ್ಯಾಲ ನೋಡಿದೆ.
ಟ್ಯೂಬ್‌ಲೈಟಿತ್ತು.

"ಸಾಕು, ಎಲ್ಲಾ ತಿರುಗಿ ತರೂಣು" ಅಂದರು ಸಾವಕಾರರು ಮಾರ್ಚಿನ್ಯಾಗ.
ಅವತ್ತ ಗೊತ್ತಾತು,
ಒಳಗ ಹಾಕಾಕ ಪುಕ್ಕಟ,
ಹೊರಗ ತಗಿಯಾಕ ತೂಕದ ಮ್ಯಾಲ ರೊಕ್ಕ.
ನಮ್ಮದ ಲೆಕ್ಕ. ನನ್ನ ಬೆರಳು ಬಡದ ಅಕ್ಷರ.
"ಕಳ್ಳರು!" ಅಂತ ಟೇಬಲ್ ಗುದ್ದಿದರು, ಬಸಿಗೆ ಚಾ ತುಳುಕಿತು.

ಅದ ಹೊತ್ತಿಗೆ ಬಬಲೇಶ್ವರದ ಸಂಗವ್ವ ಬಾಗಲದಾಗ ನಿಂತಿದ್ದಳು,
ನಲವತ್ತು ಬಾಕ್ಸ್ ಒಯ್ಯಾಕ ಬಂದಾಕಿ, ಕೈಯಾಗ ಪಾವತಿ.
"ಇಡೂವಾಗ ಹಮಾಲಿ ಕೇಳಲಿಲ್ಲ, ಈಗ್ಯಾಕ ಕೇಳತೀರಿ?"
"ಪಾವತಿ ಹಿಂದ ಬರದೈತಿ ನೋಡ್ರಿ" ಅಂದೆ.
ಹತ್ತೊಂಬತ್ತು ವರ್ಷದ ಬಾಯಿಪಾಠ.
ಏಳನೇ ಸಾಲು, ಸಾಸಿವಿಕಾಳಿನಂಥಾ ಅಕ್ಷರ.

ಸಾವಕಾರರು ಪಾವತಿ ಇಸಕೊಂಡರು.
ಚಾಳೀಸು ಹುಡಿಕ್ಯಾಡಿ ಹಾಕ್ಕೊಂಡು
ತಮ್ಮದ ಹೆಸರಿನ ಕೆಳಗಿನ ಏಳನೇ ಸಾಲು
ಊರಿಗೆ ಹೊಸಾದಾಗಿ ಬಂದವರ ಹಂಗ ಓದಿದರು.

ಹಮಾಲಿ ಬಿಟ್ಟುಕೊಟ್ಟರು ಅಂತ ಬರದರ ಚಂದ ಕಾಣತಿತ್ತು.
ಬಿಡಲಿಲ್ಲ.
ಆದರ ನೋಟು ಎಣಸೂ ಮುಂದ
ಸಂಗವ್ವನ ಮಾರಿ ನೋಡಲಿಲ್ಲ.

ಸಂಜೀಕ ನಾನ ಮೈನುದ್ದೀನಗ ಫೋನ್ ಹಚ್ಚಿದೆ,
ಆ ಹಳೇ ಯಂತ್ರ ಎಲ್ಲೈತೋ ಅಂತ.
"ಗುಜರಿಗೆ ನೀವ ಹಾಕಿಸಿದ್ರಲ್ರಿ ಅಕ್ಕಾರ."
ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ:
"ಇನ್ನ ಎರಡ ವರ್ಷ ಜಗ್ಗತಿತ್ರಿ."